ಮಳೆಮರದ ಕವಲಿನಲ್ಲಿದ್ದ ಕಂದು ಇರುವೆ

ಪೀಣ್ಯದ ಒಂದು ಕಾರ್ಖಾನೆಯ ಅಂಗಳದಲ್ಲಿ, ಕ್ಯಾಂಟೀನಿನ ಕೈತೊಳೆಯುವ ತೊಟ್ಟಿಯ ಎಡತುದಿಯ ನಲ್ಲಿಯ ಮುಂದೆ ನಾನು ನಿಂತಿದ್ದೆ. ಅಂದು ಮಂಗಳವಾರ. ಊಟದ ಗಂಟೆ ಹನ್ನೆರಡೂವರೆಗೆ ಹೊಡೆದಿತ್ತು. ಗೋಡೆಯ ಗಡಿಯಾರ ಹನ್ನೆರಡು ನಲವತ್ತು ತೋರಿಸುತ್ತಿತ್ತು. ನನ್ನ ನಲ್ಲಿಯಿಂದ ಮಳೆಮರದ ಬುಡಕ್ಕೆ ಹದಿನಾಲ್ಕು ಹೆಜ್ಜೆ. ಆಮೇಲೆ ನಾನೇ ಎರಡು ಸಲ ಅಳೆದಿದ್ದೇನೆ. ಹಿಂದಿನ ಸಂಜೆ ಮಳೆ ಬಂದಿತ್ತು. ಆ ಹೊತ್ತಿನಲ್ಲಿ ಗಾಳಿ ಇರಲಿಲ್ಲ.

ಒಣಕೊಂಬೆ ಮುರಿಯುವಾಗಿನ ಚಟೀರೆನ್ನುವ ಸದ್ದು ಬರಲಿಲ್ಲ. ಒದ್ದೆ ಗೋಣಿಚೀಲವನ್ನು ನಿಧಾನವಾಗಿ ಹರಿದಂಥ ಸದ್ದು ಬಂತು. ತಲೆಯೆತ್ತಿ ನೋಡುವಷ್ಟರಲ್ಲಿ ಮರದ ಬಲಗವಲು, ನನ್ನ ಎರಡು ತೋಳಿಗೆ ಸಿಗದಷ್ಟು ದಪ್ಪದ್ದು, ಬುಡದ ಸುತ್ತ ಕಟ್ಟಿದ ಸಿಮೆಂಟಿನ ಕಟ್ಟೆಯ ಮೇಲೆ ಬಿದ್ದಿತ್ತು. ಕಟ್ಟೆಯ ಮೇಲೆ ಐದು ಜನ ಊಟಕ್ಕೆ ಕುಳಿತಿದ್ದರು. ನಾಲ್ವರು ಸಾರು ಹಾಕಿಸಿಕೊಳ್ಳಲು ಎದ್ದು ಹೋಗಿದ್ದರು. ಉಳಿದವನು ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ ಗಂಗಾಧರ. ಮೂರನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡ.

ಆ ಸಾವಿನ ಹೊಣೆ ಬಂದದ್ದು ತೋಟದ ಮಾಲಿ ಮುನಿಯಪ್ಪನ ಮೇಲೆ. ಮರ ಟೊಳ್ಳಾಗಿದ್ದು ಗೊತ್ತಿದ್ದೂ ಅವನು ಬಾಯಿಬಿಡಲಿಲ್ಲ ಎಂಬ ಮಾತು ಹುಟ್ಟಿತು. ಗಂಗಾಧರನ ಮನೆಯವರು ಅದನ್ನೇ ನಂಬಿದರು. ಅದು ಸುಳ್ಳು. ಮುನಿಯಪ್ಪ ಹೇಳಿದ್ದ. ಇನ್ನೊಬ್ಬರೂ ಹೇಳಿದ್ದರು. ಇಬ್ಬರ ಮಾತನ್ನೂ ಕೇಳಿಸಿಕೊಂಡು ಸುಮ್ಮನಿದ್ದವನು ನಾನು. ಕೀಟ ನಿಯಂತ್ರಣದ ಕೆಲಸಕ್ಕೆ ಈಗ ಸೇರುತ್ತಿರುವವರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಮುನಿಯಪ್ಪನ ಹೆಸರು ತೊಳೆಯಲೆಂದೂ ಬರೆಯುತ್ತಿದ್ದೇನೆ.

ನಾನು ಈ ಕೆಲಸದಲ್ಲಿ ಇಪ್ಪತ್ತೊಂಬತ್ತು ವರ್ಷ ಇದ್ದೆ. ಕಲಿಸಿದವರು ಸುಬ್ಬರಾಯರು, ನಮ್ಮ ಮೊದಲ ಮೇಲ್ವಿಚಾರಕರು. ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಭೂತಗನ್ನಡಿ ಇಟ್ಟುಕೊಳ್ಳುವವರು. ಸೇರಿದ ಮೊದಲ ವಾರ ಒಂದು ಗೋದಾಮಿನಲ್ಲಿ ನಾನು ಇರುವೆಯ ಸಾಲಿನ ಮೇಲೆ ಔಷಧಿ ಹೊಡೆಯಲು ಹೊರಟಾಗ ಪಿಚಕಾರಿ ಕಿತ್ತುಕೊಂಡರು.

"ಯಾವ ಇರುವೆ ಇದು?"

"ಕಪ್ಪಿರುವೆ ಸಾರ್."

"ಕಪ್ಪಗಿರೋರೆಲ್ಲ ನಿನ್ ಚಿಕ್ಕಪ್ಪನ ಮಕ್ಕಳೇನಯ್ಯಾ? ಕೊಲ್ಲೋದು ಯಾರು ಬೇಕಾದ್ರೂ ಕೊಲ್ತಾರೆ. ಅದರ ಮನೆ ಎಲ್ಲಿದೆ ಹೇಳು. ಎಷ್ಟು ಹೊತ್ತಿಗೆ ಹೊರಗೆ ಬರುತ್ತೆ ಹೇಳು. ಮನೆಯಿಂದ ಏನು ಹೊರಗೆ ಹಾಕುತ್ತೆ ಹೇಳು. ಆಮೇಲೆ ಹೊಡಿ."

ಬಡಗಿ ಇರುವೆಯನ್ನು ಗುರುತಿಸುವುದನ್ನು ಅವರಿಂದಲೇ ಕಲಿತೆ. ಸೊಂಟದಲ್ಲಿ ಒಂದೇ ಗಂಟು. ಪಕ್ಕದಿಂದ ನೋಡಿದರೆ ಬೆನ್ನು ತಗ್ಗುಮುಗ್ಗಿಲ್ಲದೆ ಒಂದೇ ಬಿಲ್ಲಿನಂತೆ ಬಾಗಿರುತ್ತದೆ. ಕೊಂಡಿ ಇಲ್ಲ, ಹಿಂಭಾಗದ ತುದಿಯಲ್ಲಿ ಕೂದಲಂಚಿನ ಒಂದು ಸಣ್ಣ ದುಂಡು ರಂಧ್ರ ಇರುತ್ತದೆ, ಅಲ್ಲಿಂದ ಹುಳಿ ಚಿಮ್ಮಿಸುತ್ತದೆ. ಒಂದೇ ಗೂಡಿನಲ್ಲಿ ದೊಡ್ಡ ತಲೆಯವೂ ಸಣ್ಣವೂ ಇರುತ್ತವೆ. ಸಣ್ಣವನ್ನು ಮರಿ ಎಂದುಕೊಳ್ಳಬೇಡಿ, ಎಲ್ಲವೂ ಬೆಳೆದವೇ.

ಹೊಸಬರು ಮುಗ್ಗರಿಸುವ ಒಂದು ವಿಷಯವಿದೆ. ನಾವೆಲ್ಲ ಗೊದ್ದ ಎನ್ನುವ ದಪ್ಪ ಕರಿಯ ಇರುವೆಯೂ ಬಡಗಿ ಇರುವೆಯ ಕುಲದ್ದೇ. ಆದರೆ ಅದು ಬಡಗಿಯ ಕೆಲಸ ಮಾಡುವುದಿಲ್ಲ. ಅದರ ಗೂಡು ನೆಲದಲ್ಲಿ, ಹೆಚ್ಚಾಗಿ ಮರದ ಬುಡದ ಮಣ್ಣಿನಲ್ಲಿ. ಮರ ಹತ್ತುವುದು ಎಳೆಚಿಗುರಿಗೆ ಅಂಟಿದ ಗಿಡಹೇನುಗಳ ಸಿಹಿರಸ ಕುಡಿಯಲು. ಅದೇ ಕುಲದ ಬೇರೆ ಕೆಲವು ಇರುವೆಗಳು ಕೊಳೆತ ಮರವನ್ನು ಕೊರೆದು ಒಳಗೆ ಮನೆ ಮಾಡುತ್ತವೆ. ಅವೂ ಮರ ತಿನ್ನುವುದಿಲ್ಲ. ತಿನ್ನುವುದು ಗೆದ್ದಲು. ಬಡಗಿ ಇರುವೆ ಕೊರೆದದ್ದನ್ನು ಹಿಟ್ಟು ಮಾಡಿ ಹೊರಗೆ ಚೆಲ್ಲುತ್ತದೆ. ಹಾಗಾಗಿ ಹಿಟ್ಟು ಕಂಡಲ್ಲಿ ಮೇಲೆ ಎಲ್ಲೋ ಮರ ನೀರು ಕುಡಿದು ಮೆತ್ತಗಾಗಿದೆ ಎಂದು ತಿಳಿಯಬೇಕು.

ಇದು ನನಗೆ ಚೆನ್ನಾಗಿ ಗೊತ್ತಿತ್ತು. ವೈಟ್‌ಫೀಲ್ಡಿನ ಒಂದು ಐಟಿ ಕಟ್ಟಡದ ನಾಲ್ಕನೆಯ ಮಹಡಿಯಿಂದ ಒಮ್ಮೆ ಕರೆ ಬಂದಿತ್ತು. ಮೊದಲ ಮುಂಗಾರು ಮಳೆಯ ಮರುದಿನ. ಕಟ್ಟಡ ನೋಡಿಕೊಳ್ಳುವ ಹೆಂಗಸು ಲಿಫ್ಟಿನ ಬಾಗಿಲಲ್ಲೇ ಕಾದಿದ್ದರು. "ಸಾರ್, ಗೆದ್ದಲು ಸಾರ್, ರೆಕ್ಕೆ ಬಂದ್ಬಿಟ್ಟಿದೆ! ನಾಳೆ ಕ್ಲೈಂಟ್ ವಿಸಿಟ್ ಇದೆ, ಫುಲ್ ಫ್ಲೋರ್ ಸ್ಪ್ರೇ ಮಾಡ್ಬಿಡಿ." ಕಿಟಕಿಯ ಬಳಿ ರೆಕ್ಕೆಯ ಹುಳುಗಳು ಬಿದ್ದಿದ್ದವು. ನಾನು ಒಂದನ್ನು ಅಂಗೈಮೇಲಿಟ್ಟು ತೋರಿಸಿದೆ. ಗೆದ್ದಲಿಗೆ ಸೊಂಟ ಇರುವುದಿಲ್ಲ, ಇದಕ್ಕಿದೆ. ಗೆದ್ದಲಿನ ನಾಲ್ಕು ರೆಕ್ಕೆಯೂ ಒಂದೇ ಅಳತೆ, ಇದರ ಮುಂದಿನವು ದೊಡ್ಡವು. ಮೀಸೆ ಮೊಣಕೈಯಂತೆ ಮಡಚಿದೆ. ಪ್ಯಾಂಟ್ರಿಯ ಬಾಗಿಲ ಚೌಕಟ್ಟನ್ನು ತಟ್ಟುತ್ತ ಬಂದೆ. ಒಂದು ಕಡೆ ಸದ್ದು ಮಂದವಾಯಿತು. ಗೋಡೆಯ ಹಿಂದೆ ಎ.ಸಿ. ನೀರಿನ ಕೊಳವೆ ಸೋರುತ್ತಿತ್ತು.

"ಮೇಡಂ, ಸ್ಪ್ರೇ ಬೇಡ. ಪ್ಲಂಬರ್ ಕರೀರಿ."

ಅಲ್ಲೇ ಕಾಫಿ ಹಿಡಿದು ನಿಂತಿದ್ದವನೊಬ್ಬ ಜೊತೆಯವನಿಗೆ ಹೇಳಿದ: "ಮಗಾ, ಪೆಸ್ಟ್ ಕಂಟ್ರೋಲ್‌ನೋರು ಬಂದು ಪ್ಲಂಬರ್ ಕರೀರಿ ಅಂತವ್ರೆ. ಪ್ಲಂಬರ್ ಬಂದ್ರೆ ಹಲ್ಲಿನ ಡಾಕ್ಟರ್ ಕರೀರಿ ಅಂತಾನೆ ನೋಡು." ಎಲ್ಲರೂ ನಕ್ಕರು, ನಾನೂ ನಕ್ಕೆ. ಕೊಳವೆ ಸರಿಮಾಡಿ ಚೌಕಟ್ಟು ಬದಲಿಸಿದ ಮೇಲೆ ಆ ಮಹಡಿಯಿಂದ ಮತ್ತೆ ಕರೆ ಬರಲಿಲ್ಲ.

ಸುಬ್ಬರಾಯರು ನಿವೃತ್ತರಾದ ಮೇಲೆ ಕೆಲಸದ ರೀತಿ ಬದಲಾಯಿತು. ವಾಸನೆಯ ಔಷಧಿಗಳು ಹೋಗಿ ಬೊಟ್ಟಿನಷ್ಟು ಹಚ್ಚುವ ಜೆಲ್ ಬಂತು, ಅದು ಒಳ್ಳೆಯದೇ. ಕಾಗದದ ಕಾರ್ಡು ಹೋಗಿ ಮೊಬೈಲಿನ ಆ್ಯಪ್ ಬಂತು. ಗೋಡೆಯ ಮೇಲಿನ ಚೀಟಿ ಸ್ಕ್ಯಾನ್ ಮಾಡಬೇಕು, ಕೀಟ ಯಾವುದೆಂದು ಪಟ್ಟಿಯಿಂದ ಆರಿಸಬೇಕು. ಪಟ್ಟಿಯಲ್ಲಿ ಇರುವೆಗೆ ಇದ್ದದ್ದು ಒಂದೇ ಸಾಲು: ಇರುವೆ. ಯಾವ ಇರುವೆ ಎಂದು ಯಾರೂ ಕೇಳುತ್ತಿರಲಿಲ್ಲ. ಒಂದು ಜಾಗದಲ್ಲಿ ನಿಗದಿಗಿಂತ ಹೆಚ್ಚು ಹೊತ್ತು ನಿಂತರೆ ಆಫೀಸಿನಿಂದ ಫೋನು ಬರುತ್ತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಭೂತಗನ್ನಡಿ ನನ್ನ ಜೇಬಿನಲ್ಲೇ ಇತ್ತು.

ನಾವು ಹೋಗುತ್ತಿದ್ದದ್ದು ಬೆಳಿಗ್ಗೆ ಹತ್ತರ ನಂತರ, ಮೊದಲೇ ತಿಳಿಸಿದ ದಿನದಂದು. ನೆಂಟರು ಬರುವ ದಿನ ಮನೆ ಗುಡಿಸುವಂತೆ, ಪೆಸ್ಟ್ ಕಂಟ್ರೋಲ್‌ನವರು ಬರುವ ದಿನ ಕಾರ್ಖಾನೆಗಳಲ್ಲಿ ಮೂಲೆಮೂಲೆ ಗುಡಿಸಿ ಒರೆಸಿ ಇಟ್ಟಿರುತ್ತಾರೆ. ನಾವು ನೋಡಬೇಕಾದದ್ದನ್ನೇ ತೆಗೆದುಹಾಕಿರುತ್ತಾರೆ. ಇಷ್ಟು ವರ್ಷ ಹೀಗೆಯೇ ನಡೆಯಿತು. ಗುಡಿಸಬೇಡಿ ಎಂದು ನಾವು ಒಮ್ಮೆಯೂ ಹೇಳಲಿಲ್ಲ. ಸ್ವಚ್ಛವಾದ ಜಾಗದಲ್ಲಿ ಕೆಲಸ ಬೇಗ ಮುಗಿಯುತ್ತಿತ್ತು.

ಪೀಣ್ಯದ ಆ ಕಾರ್ಖಾನೆಗೆ ನಾನು ಹದಿನೈದು ದಿನಕ್ಕೊಮ್ಮೆ ಮಂಗಳವಾರ ಹೋಗುತ್ತಿದ್ದೆ. ಅಂಗಳ ಗುಡಿಸುತ್ತಿದ್ದವಳು ಮಲ್ಲಮ್ಮ. ಊರು ಯಾದಗಿರಿ ಕಡೆ, ಬಾಗಲಗುಂಟೆಯಲ್ಲಿ ಬಾಡಿಗೆ ಕೋಣೆ. ಅವಳ ಕೆಲಸ ಬೆಳಿಗ್ಗೆ ಆರಕ್ಕೆ ಶುರು. ಘಟನೆಗೆ ಸುಮಾರು ಎರಡು ತಿಂಗಳ ಮೊದಲು ಅವಳು ಮರದ ಕೆಳಗೆ ನನ್ನನ್ನು ನಿಲ್ಲಿಸಿದಳು. ಅವರ ಕಡೆ ಮರಕ್ಕೂ ಗಿಡವೆನ್ನುತ್ತಾರೆ.

"ಸಾಹೇಬ್ರ, ಈ ಗಿಡದ ಮ್ಯಾಲಿಂದ ದಿನಾ ಹಿಟ್ಟು ಬೀಳ್ತದ್ರಿ."

"ಎಂಥ ಹಿಟ್ಟಮ್ಮ?"

"ಕಟಗಿ ಹಿಟ್ರಿ. ಸಾಮಿಲ್‌ನಾಗ ಬೀಳ್ತದಲ್ಲ, ಹಂಗ."

"ಎಲ್ಲಿದೆ ಈಗ?"

"ನೀವು ಬರ್ತೀರಂತ ಸೂಪರ್‌ವೈಜರ್ ಮುಂಜಾನಿನ ಕಸ ಹೊಡಿಸ್ಯಾನ್ರಿ. ನಾಳಿಗಿ ಬರ್ರಿ, ತೋರಿಸ್ತೀನಿ."

ಮರುದಿನ ನನಗೆ ಜಿಗಣಿಯಲ್ಲಿ ಕೆಲಸವಿತ್ತು. ಬುಡದಲ್ಲಿ ನೋಡಿದೆ. ಗೊದ್ದಗಳು ಸಾಲಾಗಿ ಹತ್ತಿ ಇಳಿಯುತ್ತಿದ್ದವು. ಬೇರಿನ ಪಕ್ಕ ಮಣ್ಣಿನಲ್ಲಿ ಗೂಡಿನ ಬಾಯಿಗಳಿದ್ದವು. ಅಷ್ಟರಲ್ಲಿ ಮುನಿಯಪ್ಪ ಪೈಪು ಎಳೆದುಕೊಂಡು ಬಂದ. ಮಾಕಳಿಯ ಒಕ್ಕಲು ಮನೆಯವನು. ಅಣ್ಣತಮ್ಮಂದಿರು ಬಾಡಿಗೆಮನೆ ಕಟ್ಟಿಸಿ ಕುಳಿತಿದ್ದರೂ, ಕೈ ಮಣ್ಣಾಗದಿದ್ದರೆ ಊಟ ಸೇರುವುದಿಲ್ಲವೆಂದು ಮಾಲಿಯ ಕೆಲಸಕ್ಕೆ ಬರುತ್ತಿದ್ದ.

"ಗೊದ್ದ ಅಲ್ವಾ ಸಾರ್? ಅವು ನೆಲದಾಗಿರ್ತವೆ. ಮರಕ್ಕೇನೂ ಮಾಡಾಕಿಲ್ಲ."

"ಸರಿಯಾಗಿ ಹೇಳಿದೆ ಮುನಿಯಪ್ಪ."

"ಮರಕ್ಕೆ ಮಾಡಿರೋರು ಬ್ಯಾರೆಯೋರು. ಅಗೋ, ಮ್ಯಾಲೆ ಕವಲ್ತಾವ ನೋಡಿ. ಲಾರಿಗೆ ತಾಗ್ತದೆ ಅಂತ ಎರಡು ವರ್ಸದ್ ಇಂದೆ ಕೊಂಬೆ ಕಡ್ಸಿದ್ರು. ಮೊಂಡು ಅಂಗೇ ಬುಟ್ರು. ಅಲ್ಲಿ ನೀರು ನಿಂತ್ಕತದೆ. ಮ್ಯಾನೇಜರ್‌ಗೆ ಎರಡ್ಸಲ ಏಳಿವ್ನಿ."

"ಏನಂದ್ರು?"

"ನೀನು ಇಂಗೆಲ್ಲ ತಲೆ ಕೆಡಿಸ್ಕೋಬ್ಯಾಡ, ಉಲ್ಲಿಗೆ ನೀರಾಕು ಅಂದ್ರು."

ನಾನು ತಲೆಯೆತ್ತಿ ನೋಡಿದೆ. ನೆಲದಿಂದ ಎರಡಾಳೆತ್ತರದಲ್ಲಿ ಕವಲು, ಅದರಲ್ಲಿ ಕಪ್ಪಗೆ ಒಂದು ಮೊಂಡು. ಏಣಿ ಸ್ಟೋರಿನಲ್ಲಿತ್ತು. ತರಿಸಲಿಲ್ಲ. ಬುಡದಲ್ಲಿ ಗೊದ್ದ ಕಂಡಿತ್ತು, ಗೊದ್ದ ಮರ ಕೊರೆಯುವುದಿಲ್ಲ, ಆದ್ದರಿಂದ ಮರಕ್ಕೆ ಅಪಾಯವಿಲ್ಲ ಎಂದು ತೀರ್ಮಾನಿಸಿದೆ. ಗೊದ್ದದ ಬಗ್ಗೆ ನನಗೆ ತಿಳಿದಿದ್ದದ್ದೆಲ್ಲ ನಿಜವೇ. ಒಂದೇ ಮರದಲ್ಲಿ ಎರಡು ಬಗೆಯ ಇರುವೆ ಇರಬಹುದೆಂದು ಹೊಳೆಯಲಿಲ್ಲ. ಕವಲಿನಲ್ಲಿದ್ದದ್ದು ಹೊತ್ತು ಮುಳುಗಿದ ಮೇಲೆ ಹೊರಬರುವಂಥದ್ದು. ಹತ್ತರ ನಂತರ ಬಂದು ನಾಲ್ಕಕ್ಕೆ ಹೋಗುವ ನನಗೆ ಅದು ಕಾಣುವಂತಿರಲಿಲ್ಲ. ಬುಡಕ್ಕೆ ಔಷಧಿ ಹಾಕಿ, ಆ್ಯಪಿನಲ್ಲಿ 'ಇರುವೆ, ನೆಲದ ಗೂಡು, ಚಿಕಿತ್ಸೆ ಆಯಿತು' ಎಂದು ಬರೆದೆ. ಮುಂದಿನ ಸಲ ಹೋದಾಗ ಗೊದ್ದ ಇರಲಿಲ್ಲ. ಸಕ್ಕತ್ ಕೆಲಸ ಎಂದು ಸೂಪರ್‌ವೈಸರ್ ಹೊಗಳಿದ.

ಘಟನೆಗೆ ಹದಿನಾಲ್ಕು ದಿನ ಮೊದಲು ಮಲ್ಲಮ್ಮ ಸೆರಗಿನ ಗಂಟಿನಿಂದ ಒಂದು ಬೆಂಕಿಪೊಟ್ಟಣ ತೆಗೆದು ಕೊಟ್ಟಳು.

"ಹಿಟ್ಟಿನಾಗ ಇವು ಬಿದ್ದಿದ್ವು. ನೋಡ್ರಿ, ಇವು ಕರಿಯೂ ಅಲ್ರಿ."

ಅಷ್ಟರಲ್ಲಿ ಫೋನು ಬಂತು. ಮಾಕಳಿಯ ಒಂದು ಪ್ಯಾಕಿಂಗ್ ಘಟಕದಲ್ಲಿ ನನಗಾಗಿ ಕಾಯುತ್ತಿದ್ದರು. "ನೋಡ್ತೀನಮ್ಮ" ಎಂದು ಪೊಟ್ಟಣವನ್ನು ಚೀಲದ ಪಕ್ಕದ ಜೇಬಿಗೆ ಹಾಕಿದೆ. ಹದಿನಾಲ್ಕು ದಿನ ಅದು ಅಲ್ಲೇ ಇತ್ತು.

ಆ ಮಂಗಳವಾರ ಗೇಟಿನಲ್ಲೇ ಅವಳು ಕೇಳಿದಳು: "ನೋಡಿದ್ರೇನ್ರಿ?"

"ಇವತ್ತು ಊಟ ಆದ್ಮೇಲೆ ಕೂತು ನೋಡ್ತೀನಿ."

ಕೈ ತೊಳೆಯಲು ನಾನು ನಲ್ಲಿಯ ಮುಂದೆ ನಿಂತದ್ದು ಆ ಊಟಕ್ಕೆ.

ಗಂಗಾಧರನನ್ನು ಆಂಬುಲೆನ್ಸಿನಲ್ಲಿ ಕಳಿಸಿದ ಮೇಲೆ ಮುರಿದ ತುದಿಯನ್ನು ನೋಡಿದೆ. ಒಳಗೆ ತಿರುಳಿನ ಜಾಗದಲ್ಲಿ ಗೂಡುಗಳಿದ್ದವು. ಉಪ್ಪುಕಾಗದದಿಂದ ಉಜ್ಜಿದಂತೆ ನುಣ್ಣಗೆ, ಮಣ್ಣಿನ ಸುಳಿವಿಲ್ಲದೆ. ಗೆದ್ದಲಿನ ಸುರಂಗವಾದರೆ ಮಣ್ಣು ಮೆತ್ತಿರುತ್ತದೆ. ಕಂದು ಇರುವೆಗಳು ಹಗಲುಬೆಳಕಿನಲ್ಲಿ ಮರಿಗಳಿರುವ ಬಿಳಿಯ ಕೋಶಗಳನ್ನು ಕಚ್ಚಿಕೊಂಡು ಎಲ್ಲ ದಿಕ್ಕಿಗೂ ಹೋಗುತ್ತಿದ್ದವು. ಕಟ್ಟೆಯ ಮೇಲೆ ಚೆಲ್ಲಿದ ಅನ್ನದ ನಡುವೆಯೇ ಹಾದುಹೋದವು. ಅನ್ನವನ್ನು ಮುಟ್ಟಲಿಲ್ಲ. ಆಗ ಬೆಂಕಿಪೊಟ್ಟಣ ತೆರೆದೆ. ಅವೇ ಇರುವೆಗಳು. ಕಟ್ಟೆಗೆ ಮೊಣಕೈ ಊರಿ ಭೂತಗನ್ನಡಿಯಲ್ಲಿ ಇನ್ನೊಮ್ಮೆ ನೋಡಿದೆ.

ಮುಂದಿನ ಸೋಮವಾರ ಕಾರ್ಖಾನೆಯ ಮೀಟಿಂಗ್ ಕೋಣೆಯಲ್ಲಿ ವಿಚಾರಣೆ ನಡೆಯಿತು. ಮೇಜಿನ ಸುತ್ತ ನಾಲ್ಕು ಜನ: ಕಾರ್ಖಾನೆಯ ಮ್ಯಾನೇಜರ್, ಸುರಕ್ಷತಾ ಅಧಿಕಾರಿ ಶೈಲಜಾ, ನಮ್ಮ ಬ್ರಾಂಚ್ ಮ್ಯಾನೇಜರ್, ನಾನು. ಮುನಿಯಪ್ಪ ನಿಂತಿದ್ದ. ಒಳಗೆ ಹೋಗುವ ಮೊದಲು ನಮ್ಮ ಮ್ಯಾನೇಜರ್ ನನ್ನನ್ನು ಮೆಟ್ಟಿಲ ಬಳಿ ಕರೆದು ಹೇಳಿದ್ದರು: "ನಮ್ಮ ಕಾಂಟ್ರಾಕ್ಟ್ ಇರುವೆಗೆ ಕಣ್ರೀ, ಮರಕ್ಕಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ. ಇನ್ನೆಷ್ಟು ವರ್ಷ ಸರ್ವೀಸು ನಿಮ್ದು? ಆರಾಮಾಗಿ ಮುಗಿಸ್ಕೊಳ್ಳಿ."

ಕಾರ್ಖಾನೆಯ ಮ್ಯಾನೇಜರ್ ಒಂದು ಹಾಳೆಯನ್ನು ಮುನಿಯಪ್ಪನ ಕಡೆ ತಳ್ಳಿದರು. ಮರದ ಸ್ಥಿತಿ ತಿಳಿದಿದ್ದೂ ತಿಳಿಸಲಿಲ್ಲವೆಂದು ಅದರಲ್ಲಿ ಟೈಪ್ ಮಾಡಿತ್ತು.

"ಮರ ನೋಡ್ಕೊಳ್ಳೋದು ಮಾಲಿ ಕೆಲಸ. ಹೇಳಿಲ್ಲ. ಸೈನ್ ಹಾಕು."

"ಏಳಿವ್ನಿ ಸಾರ್. ಎರಡ್ಸಲ ಏಳಿವ್ನಿ. ನಿಮ್ ಕಾರ್ ಪಕ್ಕದಾಗೆ ನಿಂತ್ಕಂಡು ಏಳಿವ್ನಿ."

"ಪ್ರೂಫ್ ಏನಿದೆ?"

"ಮರದ ಇಸ್ಯ ಏಳಾಕೆ ಸಾಕ್ಷಿ ಕರ್ಕಂಡು ಬರ್ತಾರಾ ಸಾರ್?"

ಅವನು ಪೆನ್ನು ಮುಟ್ಟಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

ನಾನು ಒಂದು ಬಿಳಿ ಹಾಳೆ ಕೇಳಿ ತೆಗೆದುಕೊಂಡು ಬೆಂಕಿಪೊಟ್ಟಣವನ್ನು ಅದರ ಮೇಲೆ ಸುರಿದೆ. ಹನ್ನೊಂದು ಒಣಗಿದ ಇರುವೆಗಳು, ಮೂರಕ್ಕೆ ದೊಡ್ಡ ತಲೆ. ಚಿಟಿಕೆಯಷ್ಟು ಮರದ ಹಿಟ್ಟು. ಒಂದು ಕೋಶದ ಹರಿದ ಸಿಪ್ಪೆ. ಇದು ಆ ಕವಲಿನಿಂದ ಬಿದ್ದದ್ದು, ಕೊಟ್ಟವಳು ಮಲ್ಲಮ್ಮ, ಹದಿನಾಲ್ಕು ದಿನ ನನ್ನ ಚೀಲದಲ್ಲಿತ್ತು, ನಾನು ತೆರೆಯಲಿಲ್ಲ ಎಂದೆ. ಮ್ಯಾನೇಜರಿಗೆ ಎರಡು ಸಲ ಹೇಳಿದ್ದೇನೆಂದು ಮುನಿಯಪ್ಪ ನನಗೆ ತಿಳಿಸಿದ್ದು ಘಟನೆಗೆ ಎರಡು ತಿಂಗಳ ಮೊದಲೇ, ಈಗ ಕಟ್ಟಿದ ಮಾತಲ್ಲ ಎಂದೂ ಹೇಳಿದೆ. ಮೇಜಿನ ಕೆಳಗೆ ನಮ್ಮ ಮ್ಯಾನೇಜರ್ ನನ್ನ ಕಾಲು ತುಳಿದರು. ಅವರ ಬೂಟು ಗಟ್ಟಿಯಾಗಿತ್ತು.

ಶೈಲಜಾ ನನ್ನ ಭೂತಗನ್ನಡಿ ಪಡೆದು ಬಹಳ ಹೊತ್ತು ನೋಡಿದರು. ಆಮೇಲೆ ಮಲ್ಲಮ್ಮನನ್ನು ಕರೆಸಿದರು. ಅವಳು ಬಾಗಿಲಲ್ಲೇ ನಿಂತಳು.

"ಇದು ನೀವು ಕೊಟ್ಟಿದ್ದಾ ಅಮ್ಮ?"

"ಹೌದ್ರಿ ಮೇಡಂ. ನಾನ ಕೊಟ್ಟೀನ್ರಿ."

"ನಿಮ್ ಸೂಪರ್‌ವೈಸರ್‌ಗೆ ಹೇಳ್ಲಿಲ್ವಾ?"

"ಹೇಳಿನ್ರಿ. ಕಸ ಹೊಡಿಲಾಕ ಬಂದೀದಿ, ಕಸದ ಸುದ್ದಿ ಹೇಳ್ಲಾಕಲ್ಲ ಅಂದಾನ್ರಿ."

ಕಾರ್ಖಾನೆಯ ಮ್ಯಾನೇಜರ್ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡರು. ಮುನಿಯಪ್ಪನ ಸಹಿ ಬೀಳಲಿಲ್ಲ. ಆದರೆ ನಾನು ಹೇಳಿದ್ದೂ ದಾಖಲಾಗಲಿಲ್ಲ. ಕೊನೆಯ ವರದಿಯಲ್ಲಿ ಮಳೆಯಿಂದ ಕೊಂಬೆ ಬಿದ್ದು ಆದ ಆಕಸ್ಮಿಕವೆಂದು ಬರೆದರು. ಇರುವೆ ಇಲ್ಲ, ಹಿಟ್ಟು ಇಲ್ಲ, ಮೊಂಡು ಇಲ್ಲ. ಮುನಿಯಪ್ಪನ ಗುತ್ತಿಗೆ ಮುಗಿದಾಗ ಹೊಸದು ಕೊಡಲಿಲ್ಲ. ಕೆಲಸದಿಂದ ತೆಗೆದರು ಎಂದರೆ ಅವನದೇ ತಪ್ಪು ಎಂದು ಊರು ತಿಳಿಯಿತು. ಗಂಗಾಧರನ ಹೆಂಡತಿ ಲಲಿತಮ್ಮ ಮಾಕಳಿಗೆ ಹೋಗಿ ಅವನ ಮನೆಯ ಮುಂದೆ ನಿಂತು, ನಿಮಗೆ ಗೊತ್ತಿತ್ತಂತೆ, ಯಾಕೆ ಹೇಳಲಿಲ್ಲ ಎಂದು ಕೇಳಿದರಂತೆ. ಅವನು ಏನು ಉತ್ತರ ಕೊಟ್ಟನೋ ತಿಳಿಯದು. ಕಳೆದ ವರ್ಷ ಅವನು ತೀರಿಕೊಂಡ.

ಆ ಇರುವೆಯ ಹೆಸರು ತಿಳಿಯದೆ ನನಗೆ ಸಮಾಧಾನವಿರಲಿಲ್ಲ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವರೊಬ್ಬರಿಗೆ ಪೊಟ್ಟಣ ತೋರಿಸಿದೆ. ಕ್ಯಾಂಪೊನೋಟಸ್, ಅಂದರೆ ಬಡಗಿ ಇರುವೆಯ ಕುಲವೆನ್ನುವುದು ಖಚಿತ, ಪ್ರಭೇದ ಬಹುಶಃ ಇರಿಟನ್ಸ್, ಸಂಗ್ರಹಾಲಯದ ಮಾದರಿಯೊಂದಿಗೆ ಹೋಲಿಸದೆ ಪೂರ್ತಿ ಹೇಳಲಾರೆ ಎಂದರು. ಹಾಗೆ ಹೇಳಿದ್ದಕ್ಕೇ ಅವರ ಮೇಲೆ ನಂಬಿಕೆ ಬಂತು. ಒಂದು ಭಾನುವಾರ ಜಿಗಣಿಯಿಂದ ಆಚೆಗಿನ ಕುರುಚಲು ಕಾಡಿಗೆ ಕರೆದುಕೊಂಡು ಹೋದರು. ಬಿದ್ದು ಕೊಳೆಯುತ್ತಿದ್ದ ಒಂದು ದಿಮ್ಮಿಯ ತೊಗಟೆ ಎಬ್ಬಿಸಿದರು. ಅದೇ ಮಸುಕು ಕಂದು ಮೈ, ತುಸು ಗಾಢ ಹೊಟ್ಟೆ, ಅದೇ ನುಣ್ಣನೆಯ ಗೂಡು. ಅಲ್ಲಿ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ. ಸತ್ತ ಮರ ಬೇಗ ಮಣ್ಣಾಗಲು ಅದು ನೆರವಾಗುತ್ತಿತ್ತು. ದಿಮ್ಮಿಗಳನ್ನೆಲ್ಲ ಸಾಗಿಸಿ ಕಾರ್ಖಾನೆ ಕಟ್ಟಿದ ಕಡೆ, ಅದಕ್ಕೆ ಬೇಕಾದ ಒದ್ದೆ ಕೊಳೆತ ಮರ ಸಿಗುವುದು ನಾವು ಕಡಿದು ಬಿಟ್ಟ ಮೊಂಡುಗಳಲ್ಲಿ, ಸೋರುವ ಕೊಳವೆಯ ಪಕ್ಕದ ಚೌಕಟ್ಟುಗಳಲ್ಲಿ, ಮಳೆಗೆ ಬಿಟ್ಟ ಪ್ಯಾಲೆಟ್‌ಗಳಲ್ಲಿ. ಮರವನ್ನು ಕೊಳೆಸಿದ್ದು ನೀರು. ಇರುವೆ ಆಮೇಲೆ ಬಂದು, ಮರ ಕೊಳೆತಿರುವುದನ್ನು ದಿನಾ ಬೆಳಿಗ್ಗೆ ಕೆಳಗೆ ಹಿಟ್ಟು ಚೆಲ್ಲಿ ತೋರಿಸಿತು.

ಹೊಸಬರಿಗೆ ನನ್ನದು ಎರಡೇ ಮಾತು. ನೀವು ಬರುವ ದಿನ ಗುಡಿಸಬೇಡಿ ಎಂದು ಹೇಳಿ. ಗುಡಿಸುವವರನ್ನು ಮೊದಲು ಮಾತಾಡಿಸಿ.

ಇಲ್ಲಿಯವರೆಗಿನದನ್ನು ಬರೆದು ಮುಗಿಸಿ ಹೋದ ತಿಂಗಳು ಲಲಿತಮ್ಮನವರ ಮನೆಗೆ ಒಯ್ದೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಮಧ್ಯೆ ಎದ್ದು ಒಲೆ ಆರಿಸಿ ಬಂದು ಮತ್ತೆ ಓದಿದರು. ನನ್ನನ್ನು ಬಯ್ಯಲಿಲ್ಲ. ಹಾಳೆಗಳನ್ನು ಮಡಿಸಿ ಹೇಳಿದರು:

"ಇದನ್ನ ಬರ್ದಿರೋರು ನೀವು. ಆವತ್ತು ಕಾರ್ಖಾನೆಯೋರೂ ಮುನಿಯಪ್ಪಂದೇ ತಪ್ಪು ಅಂತ ಟೈಪ್ ಮಾಡಿದ್ ಹಾಳೆ ತೋರ್ಸಿದ್ರು. ಬರ್ದಿದ್ದನ್ನ ನಂಬಿ ಆ ಮುನಿಯಪ್ಪನ ಬಾಗಿಲಲ್ಲಿ ನಿಂತು ಕೂಗಾಡ್ಬಿಟ್ಟೆ. ಇನ್ಯಾರು ನೋಡಿದಾರೆ ಹೇಳಿ."

ಅವರಿಗೆ ಬರೆದುಕೊಟ್ಟದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಬೆಂಕಿಪೊಟ್ಟಣ ಮೇಜಿನ ಮೇಲೆ ತೆರೆದಿದ್ದದ್ದನ್ನು ನೋಡಿದವರು, ಆಮೇಲೆ ಬಂದ ಮಲ್ಲಮ್ಮನೂ ಸೇರಿ, ಆರು ಜನ. ಮುನಿಯಪ್ಪ ಇಲ್ಲ. ಕಾರ್ಖಾನೆಯ ಮ್ಯಾನೇಜರ್ ತೀರಿಕೊಂಡರೆಂದು ಕೇಳಿದೆ. ನಮ್ಮ ಬ್ರಾಂಚ್ ಮ್ಯಾನೇಜರ್ ಇದ್ದಾರೆ, ನೆನಪಿಲ್ಲ ಎನ್ನುತ್ತಾರೆ. ಶೈಲಜಾ ಈಗ ಎಲೆಕ್ಟ್ರಾನಿಕ್ ಸಿಟಿಯ ಒಂದು ಕಾರ್ಖಾನೆಯಲ್ಲಿದ್ದಾರೆ. ಅಂದು ಬರೆದುಕೊಂಡ ಟಿಪ್ಪಣಿ ಪುಸ್ತಕ ಅವರ ಬಳಿಯೇ ಇದೆ, ಕೇಳಿದರೆ ತೋರಿಸುತ್ತೇನೆ ಎಂದಿದ್ದಾರೆ. ನಾನಿದ್ದೇನೆ. ಮಲ್ಲಮ್ಮ ಬಾಗಲಗುಂಟೆಯ ಅದೇ ಕೋಣೆಯಲ್ಲಿದ್ದಾಳೆ, ಈಗ ಬೇರೊಂದು ಕಾರ್ಖಾನೆಯ ಅಂಗಳ ಗುಡಿಸುತ್ತಾಳೆ. ಮಧ್ಯಾಹ್ನ ಎರಡರ ಮೇಲೆ ಹೋದರೆ ಮನೆಯಲ್ಲಿ ಸಿಗುತ್ತಾಳೆ.